ಮುಖದ ನಡುಗೆರೆ ಎಳೆಯುವವರು ಯಾರು?

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಆಸುಪಾಸಿನಲ್ಲಿ, ಕ್ವೀನ್ಸ್ ರಸ್ತೆ, ಇನ್‌ಫೆಂಟ್ರಿ ರಸ್ತೆಗಳಲ್ಲಿ ಸ್ಕ್ಯಾನ್ ಸೆಂಟರ್‌ಗಳಿಗೆ ಬರವಿಲ್ಲ. ಸಿ.ಟಿ. ಮಾಡಿಸಿಕೊಂಡವರ ಕೈಗೆ ಅಲ್ಲಿ ಸಾಮಾನ್ಯವಾಗಿ ಎರಡು ವಸ್ತು ಸಿಗುತ್ತವೆ. ದೊಡ್ಡ ಕವರಿನಲ್ಲಿ ಕಪ್ಪು ಫಿಲ್ಮು, ಜೊತೆಗೊಂದು ಸಿ.ಡಿ. ಫಿಲ್ಮನ್ನು ಜನ ಬೀರುವಿನ ಮೇಲೆ ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ, ಸಿ.ಡಿ. ಎಲ್ಲೋ ಕಳೆದುಹೋಗುತ್ತದೆ. ಸೊಟ್ಟಗಾದ ದವಡೆಯನ್ನು ಸರಿಪಡಿಸಿಕೊಳ್ಳಲು ಹೊರಟವರಿಗೆ ಬೆಲೆಯುಳ್ಳದ್ದು ಆ ಸಿ.ಡಿ.ಯೇ. ಫಿಲ್ಮಿನಲ್ಲಿರುವುದು ಯಾರೋ ಆರಿಸಿ ಅಚ್ಚು ಹಾಕಿಸಿದ ಒಂದಷ್ಟು ಚಿತ್ರಗಳು. ಸಿ.ಡಿ.ಯಲ್ಲಿ ತಲೆಬುರುಡೆಯ ನೂರಾರು ಪದರಗಳಿರುತ್ತವೆ, ಒಂದೊಂದೂ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು. ಈ ಪದರಗಳನ್ನು ಪೇರಿಸಿ ಕಂಪ್ಯೂಟರ್ ಬುರುಡೆಯನ್ನು ಪರದೆಯ ಮೇಲೆ ಮತ್ತೆ ಕಟ್ಟುತ್ತದೆ. ಸರ್ಜನ್ ಅದನ್ನು ತಿರುಗಿಸಿ ನೋಡಬಹುದು, ಕತ್ತರಿಸಬಹುದು, ಸರಿಸಬಹುದು, ಬೇಡವೆನಿಸಿದರೆ ಮೊದಲಿದ್ದಂತೆ ಮಾಡಬಹುದು. ಆಪರೇಷನ್ ಟೇಬಲ್ ಮೇಲೆ ಈ ಕೊನೆಯ ಸೌಲಭ್ಯ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಮುಖ ಯಾರಿಗೂ ಇಲ್ಲ. ಕನ್ನಡಿಯಲ್ಲಿ ನಾವು ದಿನವೂ ನೋಡುವ ನಮ್ಮ ಮುಖ ಎಡಬಲ ಅದಲುಬದಲಾದದ್ದು. ಬೇರೆಯವರು ತೆಗೆದ ಫೋಟೊದಲ್ಲಿ ಅದೇ ಮುಖ ಸರಿಯಾದ ದಿಕ್ಕಿನಲ್ಲಿ ಕಂಡಾಗ ಮೂಗು ಸರಿದಂತೆ, ಬಾಯಿ ವಾಲಿದಂತೆ ಕಾಣುತ್ತದೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸೌಂದರ್ಯ ಚಿಕಿತ್ಸೆಯ ಬೋರ್ಡುಗಳು ಹೆಚ್ಚುತ್ತಿರುವುದಕ್ಕೂ ಎಲ್ಲರ ಜೇಬಿನ ಮೊಬೈಲ್ ಕ್ಯಾಮೆರಾಕ್ಕೂ ನಂಟಿದೆಯೆಂಬುದು ನನ್ನ ಗುಮಾನಿ. ಆ ವ್ಯಾಪಾರ ಬೇರೆ. ನಾನು ಹೇಳಹೊರಟಿರುವುದು ಗದ್ದ ಎದ್ದು ಕಾಣುವಷ್ಟು ಒಂದು ಕಡೆಗೆ ಸರಿದು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಹೊಂದಿಕೆ ತಪ್ಪಿ, ಅಗಿಯುವುದಕ್ಕೋ ಉಸಿರಾಡುವುದಕ್ಕೋ ತೊಂದರೆಪಡುವವರ ವಿಷಯ.

ನಮ್ಮ ಕಡೆ ಇದಕ್ಕೊಂದು ದೊಡ್ಡ ಕಾರಣ, ಬಾಲ್ಯದಲ್ಲಿ ಬಿದ್ದ ಒಂದು ಪೆಟ್ಟು. ಮಗು ಮೆಟ್ಟಿಲ ಮೇಲೆ ಮುಗ್ಗರಿಸಿ ಗದ್ದ ತಾಗುವಂತೆ ಬೀಳುತ್ತದೆ. ಚರ್ಮ ಸೀಳಿ ರಕ್ತ ಬರುತ್ತದೆ, ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕುತ್ತಾರೆ, ಗಾಯ ಒಣಗುತ್ತದೆ, ಎಲ್ಲರೂ ಮರೆಯುತ್ತಾರೆ. ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಕೆಳದವಡೆಯ ಉದ್ದಕ್ಕೂ ಹಾದು ಕಿವಿಯ ಮುಂದಿನ ಕೀಲಿಗೆ ಮುಟ್ಟುತ್ತದೆ. ಅಲ್ಲಿರುವ ದವಡೆಯ ಗುಂಡುತಲೆ, ವೈದ್ಯರು ಕಾಂಡೈಲ್ ಎನ್ನುವುದು, ಮುರಿದಿದ್ದರೂ ಹೊರಗೆ ಏನೂ ಕಾಣಿಸದೇ ಇರಬಹುದು. ನೋವಿಗೆ ಮಗು ಬಾಯಿ ಪೂರ್ತಿ ತೆರೆಯುವುದನ್ನು ಬಿಡುತ್ತದೆ. ಅಲುಗಾಟವಿಲ್ಲದ ಕೀಲಿನೊಳಗೆ ಹೆಪ್ಪುಗಟ್ಟಿದ ರಕ್ತ ತಿಂಗಳುಗಳು ಕಳೆದಂತೆ ಗಟ್ಟಿಯಾಗಿ, ಕೊನೆಗೆ ಮೂಳೆಯಾಗಿ, ದವಡೆಯನ್ನು ಬುರುಡೆಗೆ ಬೆಸೆದುಬಿಡುತ್ತದೆ. ಕಿವಿ ಸೋರಿಕೆಯ ಸೋಂಕು ಕೀಲಿಗೆ ಇಳಿದರೂ ಇದೇ ಗತಿ. ಬೆಸೆದ ಕಡೆ ದವಡೆಯ ಬೆಳವಣಿಗೆ ಕುಂಠಿತವಾಗುತ್ತದೆ, ಇನ್ನೊಂದು ಕಡೆ ಬೆಳೆಯುತ್ತಲೇ ಹೋಗುತ್ತದೆ, ಗದ್ದ ಬೆಸೆದ ಕಡೆಗೆ ಜಗ್ಗಿಕೊಳ್ಳುತ್ತದೆ. ಗಿಡ್ಡ ದವಡೆಯ ಹಿಂದೆ ನಾಲಿಗೆಗೂ ಜಾಗ ಸಾಲದೆ, ನಿದ್ದೆಯಲ್ಲಿ ಗೊರಕೆ, ಉಸಿರು ಕಟ್ಟುವುದು ಶುರುವಾಗಬಹುದು.

ಮನೆ ಕೆ.ಆರ್. ಪುರದಾಚೆ ಹೊಸಕೋಟೆಯಲ್ಲಿರಲಿ, ಹಲಸೂರಿನ ಗಲ್ಲಿಯಲ್ಲಿರಲಿ, ಗದ್ದಕ್ಕೆ ಹೊಲಿಗೆ ಬಿದ್ದ ಮಗುವಿನ ತಂದೆತಾಯಿ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಮಗುವಿನದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಇಡಿಸಿ. ಹೋಗದಿದ್ದರೆ, ಅಥವಾ ಬಾಯಿ ತೆರೆಯುವಾಗ ಗದ್ದ ಒಂದು ಕಡೆಗೆ ಓಡಿದರೆ, ದವಡೆಯ ಸರ್ಜನ್ ಹತ್ತಿರ ಹೋಗಿ ಕೀಲಿನ ಎಕ್ಸ್-ರೇ ಮಾಡಿಸಿ. ಆಗ ಹಿಡಿದರೆ ಎಷ್ಟೋ ಮಕ್ಕಳಿಗೆ ಬಾಯಿ ತೆರೆಯುವ ವ್ಯಾಯಾಮ ಮತ್ತು ಒಂದಷ್ಟು ದಿನದ ನಿಗಾ ಸಾಕಾಗುತ್ತದೆ. ಬಿಟ್ಟರೆ ಮುಂದೆ ಬೆಸೆದ ಮೂಳೆಯನ್ನು ಕಡಿದು, ನಡುವೆ ಕಣತಲೆಯ ಸ್ನಾಯುವಿನ ಪದರವನ್ನೋ ಪಕ್ಕೆಲುಬಿನ ತುಂಡನ್ನೋ ಕೂರಿಸುವ ಶಸ್ತ್ರಚಿಕಿತ್ಸೆ ಕಾದಿರುತ್ತದೆ.

ಈ ಕಾಯಿಲೆಯಲ್ಲಿ ಕಣ್ಣಿಗೆ ಮೋಸವಾಗುತ್ತದೆ. ಬೆಸೆದು ಬೆಳವಣಿಗೆ ನಿಂತ ಕಡೆಯ ಕೆನ್ನೆ ತುಂಬಿಕೊಂಡು ದುಂಡಗೆ ಕಾಣುತ್ತದೆ. ಆರೋಗ್ಯವಾಗಿರುವ ಕಡೆ ಚಪ್ಪಟೆಯಾಗಿ ಎಳೆದಂತಿರುತ್ತದೆ. ನೋಡಿದವರು ಚಪ್ಪಟೆ ಕಡೆಯನ್ನೇ ರೋಗದ ಕಡೆ ಅಂದುಕೊಳ್ಳುತ್ತಾರೆ. ಇನ್ನೊಂದು ಕಾಯಿಲೆಯಲ್ಲಿ ಲೆಕ್ಕ ಪೂರಾ ಉಲ್ಟಾ. ಹದಿಹರೆಯ ಮುಗಿಯುತ್ತಾ ಬಂದರೂ ಒಂದು ಕಡೆಯ ಕಾಂಡೈಲ್ ಮಾತ್ರ ಬೆಳವಣಿಗೆ ನಿಲ್ಲಿಸುವುದಿಲ್ಲ, ಗದ್ದವನ್ನು ಎದುರುಗಡೆಗೆ ತಳ್ಳುತ್ತದೆ. ಹುಡುಗಿಯರಲ್ಲಿ ಇದು ಹೆಚ್ಚು. ಇಲ್ಲಿ ಮೊದಲು ತಿಳಿಯಬೇಕಾದ್ದು ಬೆಳವಣಿಗೆ ನಿಂತಿದೆಯೋ ಇಲ್ಲವೋ ಎಂಬುದು. ಅದಕ್ಕೆ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತುವನ್ನು ಚುಚ್ಚಿ ಮಾಡುವ ಬೋನ್ ಸ್ಕ್ಯಾನ್ ಇದೆ. ಎರಡು ಕೀಲುಗಳು ಅದನ್ನು ಹೀರಿಕೊಳ್ಳುವ ಪ್ರಮಾಣದಲ್ಲಿ ಶೇ. 10ಕ್ಕಿಂತ ಹೆಚ್ಚು ಅಂತರ ಕಂಡರೆ ಒಂದು ಕಡೆ ಇನ್ನೂ ಬೆಳೆಯುತ್ತಿರಬಹುದೆಂದು ಅನುಮಾನಿಸುತ್ತಾರೆ. ಬೆಳೆಯುತ್ತಿರುವ ದವಡೆಯನ್ನು ಎಷ್ಟೇ ನಾಜೂಕಾದ ಸಾಫ್ಟ್‌ವೇರಿನಲ್ಲಿ ಅಳೆದು ಸರಿಪಡಿಸಿದರೂ ಮತ್ತೆ ಸೊಟ್ಟಗಾಗುತ್ತದೆ.

ಮೂರನೆಯವರು ಹುಟ್ಟಿನಿಂದಲೇ ಮುಖದ ಒಂದು ಪಾರ್ಶ್ವ ಬೆಳೆಯದವರು. ಅವರಲ್ಲಿ ದವಡೆ ಮಾತ್ರವಲ್ಲ, ಕಿವಿಯೂ ಸಣ್ಣದು, ಕೆಲವರಿಗೆ ಕಿವಿಯೇ ಇಲ್ಲ. ಕಂಪ್ಯೂಟರ್ ಯಾಕೆ ಬೇಕಾಯಿತು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಕಿವಿಯನ್ನು.

ಹಳೆಯ ವಿಧಾನ ಹೀಗಿತ್ತು. ಹಲ್ಲುಗಳ ಅಚ್ಚು ತೆಗೆದು ಪ್ಲಾಸ್ಟರಿನ ಮಾದರಿ ಮಾಡುತ್ತಿದ್ದರು. ಅದನ್ನು ದವಡೆಯ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್ ಎಂಬ ಲೋಹದ ಚೌಕಟ್ಟಿಗೆ ಕೂರಿಸಬೇಕು. ಯಾವ ಕೋನದಲ್ಲಿ ಕೂರಿಸಬೇಕೆಂಬುದನ್ನು ಹೇಳುವುದು ಫೇಸ್‌ಬೋ, ಎರಡೂ ಕಿವಿಯೊಳಗೆ ತುದಿ ಇಟ್ಟು ಹಿಡಿಯುವ ಬಿಲ್ಲಿನಂಥ ಸಾಧನ. ಆಮೇಲೆ ಪ್ಲಾಸ್ಟರನ್ನು ಗರಗಸದಲ್ಲಿ ಕೊಯ್ದು, ಬೇಕಾದಷ್ಟು ಸರಿಸಿ, ಮೇಣದಲ್ಲಿ ಅಂಟಿಸಿ, ಆ ಸ್ಥಾನಕ್ಕೆ ಅಕ್ರಿಲಿಕ್ಕಿನ ಸ್ಪ್ಲಿಂಟ್ ತಯಾರಿಸುತ್ತಿದ್ದರು. ಆಪರೇಷನ್ ವೇಳೆ ಹಲ್ಲುಗಳು ಆ ಸ್ಪ್ಲಿಂಟಿನ ಗುಳಿಗಳಲ್ಲಿ ಕೂತರೆ ದವಡೆ ಸರಿಯಾದ ಜಾಗಕ್ಕೆ ಬಂತೆಂದು ಅರ್ಥ. ಮುಖದ ಎರಡು ಪಾರ್ಶ್ವ ಹೆಚ್ಚುಕಡಿಮೆ ಸಮವಾಗಿದ್ದು, ದವಡೆ ಬರೀ ಮುಂದಕ್ಕೋ ಹಿಂದಕ್ಕೋ ಇದ್ದವರಲ್ಲಿ ಈ ವಿಧಾನ ಚೆನ್ನಾಗಿಯೇ ಕೆಲಸ ಮಾಡಿತು, ಈಗಲೂ ಮಾಡುತ್ತದೆ. ಆದರೆ ಒಂದು ಕಿವಿ ಇನ್ನೊಂದಕ್ಕಿಂತ ಕೆಳಗಿದ್ದರೆ? ಗಾರೆಯವನ ರಸಮಟ್ಟವೇ ಓರೆಯಾಗಿದ್ದಂತೆ. ಅದನ್ನು ನಂಬಿ ಕಟ್ಟಿದ್ದೆಲ್ಲ ಅಷ್ಟೇ ಓರೆ.

ಎಕ್ಸ್-ರೇಯದೂ ಇದೇ ಪಾಡು. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್ರಾತ್ ಬೇರೆಬೇರೆಯಾಗಿ ರೂಪಿಸಿದ ಸೆಫಲೋಮೆಟ್ರಿ ಇಂದಿಗೂ ಹಲ್ಲಿಗೆ ಕ್ಲಿಪ್ ಹಾಕುವ ವೈದ್ಯರ ನಿತ್ಯದ ಬಳಕೆಯಲ್ಲಿದೆ. ಪಕ್ಕದಿಂದ ತೆಗೆಯುವ ಆ ಚಿತ್ರದಲ್ಲಿ ಎಡದವಡೆ, ಬಲದವಡೆ ಒಂದರ ಮೇಲೊಂದು ಬೀಳುತ್ತವೆ. ಎರಡಕ್ಕೂ ನಡುವೆ ಒಂದು ಗೆರೆ ಎಳೆದು ಅಳೆಯುತ್ತಾರೆ. ಅಲ್ಲಿಗೆ, ಯಾವ ವ್ಯತ್ಯಾಸವನ್ನು ಸರಿಪಡಿಸಬೇಕೋ ಅದೇ ಕಾಗದದ ಮೇಲೆ ಮಾಯವಾಗುತ್ತದೆ.

ಮೂರು ಆಯಾಮದ ಚಿತ್ರಕ್ಕೆ ದಾರಿ ಮಾಡಿದ್ದು ಸಿ.ಟಿ. ಸ್ಕ್ಯಾನ್. ಅದರಿಂದ ಮೊದಲ ರೋಗಿಯ ಚಿತ್ರ ತೆಗೆದದ್ದು 1971ರಲ್ಲಿ. ಅದನ್ನು ರೂಪಿಸಿದ್ದಕ್ಕೆ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರ ನೊಬೆಲ್ ಬಂತು. ಆದರೆ ಪದರಗಳಿಂದ ಮೂಳೆಯ ಹೊರಮೈಯನ್ನು ಕಟ್ಟುವ ಕೆಲಸದಲ್ಲಿ ಒಂದು ವಿಮಾನ ಕಂಪನಿಯ ಕೈಯಿದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೇಡಿಯಾಲಜಿಸ್ಟ್ ಮೈಕೆಲ್ ವ್ಯಾನಿಯರ್ ಮತ್ತು ಸರ್ಜನ್ ಜೆಫ್ರಿ ಮಾರ್ಷ್, ಅದೇ ಊರಿನ ಮ್ಯಾಕ್‌ಡೊನೆಲ್ ವಿಮಾನ ಕಾರ್ಖಾನೆಯ ಎಂಜಿನಿಯರ್ ಜೇಮ್ಸ್ ವಾರೆನ್ ಜೊತೆ ಸೇರಿಕೊಂಡರು. ಅಡ್ಡಗೊಯ್ದ ರೇಖೆಗಳಿಂದ ವಿಮಾನದ ಮೈಯನ್ನು ರೂಪಿಸುವ ಜಾಣ್ಮೆಯನ್ನು ತಲೆಬುರುಡೆಗೆ ಹಚ್ಚಿದರು. 1983ರಲ್ಲಿ ಅದು ಪ್ರಕಟವಾದದ್ದು ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ. ಬೆಂಗಳೂರಿನ ಪೂರ್ವಭಾಗದವರಿಗೆ ಈ ಕಥೆ ತೀರಾ ಪರಕೀಯವೆನಿಸಬೇಕಾಗಿಲ್ಲ. 1940ರಲ್ಲಿ ಹುಟ್ಟಿದ ಎಚ್‌ಎಎಲ್, ಸೇನೆಯವರ ಕಮಾಂಡ್ ಆಸ್ಪತ್ರೆ ಎರಡೂ ಹಳೇ ಏರ್‌ಪೋರ್ಟ್ ರಸ್ತೆಯ ಆಸುಪಾಸಿನಲ್ಲೇ ಇವೆ. 2001ರ ಜನವರಿ 4ರಂದು ತೇಜಸ್ ಮೊದಲು ಹಾರಿದ್ದು ಅಲ್ಲಿನ ರನ್‌ವೇಯಿಂದ. ವಿಮಾನ ಚಾಲಕರ ರೋಲ್, ಪಿಚ್, ಯಾ ಎಂಬ ಮೂರು ಶಬ್ದಗಳನ್ನು ಇವತ್ತು ದವಡೆಯ ಸರ್ಜನ್ ಕೂಡ ದಿನವೂ ಬಳಸುತ್ತಾರೆ.

ದವಡೆ ಒಂದು ಕಡೆಗೆ ವಾಲಿದ್ದರೆ ಅದು ರೋಲ್. ಇದನ್ನು ಕಾಣಲು ಕಂಪ್ಯೂಟರ್ ಬೇಡ. ಒಂದು ಚಪ್ಪಟೆ ಮರದ ಕಡ್ಡಿಯನ್ನು ಹಲ್ಲುಗಳ ನಡುವೆ ಅಡ್ಡ ಕಚ್ಚಿಸಿ ಕಣ್ಣುಗಳ ಗೆರೆಗೆ ಹೋಲಿಸಿದರೆ ತಿಳಿಯುತ್ತದೆ. ಮುಂಭಾಗ ಎದ್ದೋ ಇಳಿದೋ ಇದ್ದರೆ ಪಿಚ್. ಅದು ಪಕ್ಕದ ಎಕ್ಸ್-ರೇಯಲ್ಲಿ ಸಿಗುತ್ತದೆ. ಮೂರನೆಯದು ಕಳ್ಳ. ದವಡೆ ಲಂಬ ಅಕ್ಷದ ಸುತ್ತ ಬಲಕ್ಕೋ ಎಡಕ್ಕೋ ತಿರುಚಿಕೊಂಡಿರುವುದು ಯಾ. ಮುಂದಿನಿಂದಲೂ ಪಕ್ಕದಿಂದಲೂ ನೋಡಿದರೆ ಸರಿಯಾಗಿ ಕಾಣದು, ಬುರುಡೆಯನ್ನು ತಲೆಕೆಳಗು ಮಾಡಿ ಕೆಳಗಿನಿಂದ ನೋಡಬೇಕು. ಬದುಕಿರುವ ಮನುಷ್ಯನ ಬುರುಡೆಯನ್ನು ಹಾಗೆ ನೋಡಲು ಪರದೆಯೇ ಗತಿ. ಈ ತಿರುಚನ್ನು ಬಿಡಿಸದೆ ಗದ್ದವನ್ನಷ್ಟೇ ನಡುವಿಗೆ ತಂದರೆ ಕೆನ್ನೆಗಳು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಬತ್ತಿದಂತೆ ಉಳಿಯುತ್ತವೆ.

ಕೆಲಸದ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿ.ಟಿ. ಅಥವಾ ಕೂತೇ ತೆಗೆಸಿಕೊಳ್ಳಬಹುದಾದ, ವಿಕಿರಣ ಸಾಮಾನ್ಯವಾಗಿ ಕಡಿಮೆಯಿರುವ ಕೋನ್ ಬೀಮ್ ಸಿ.ಟಿ. ಮಾಡುತ್ತಾರೆ. ಹಲ್ಲಿನ ಕ್ಲಿಪ್ಪು, ಸಿಮೆಂಟು, ಬೆಳ್ಳಿಗಳಿಂದ ಸ್ಕ್ಯಾನಿನಲ್ಲಿ ಗೀರುಗಳು ಬಿದ್ದು ಹಲ್ಲಿನ ಆಕಾರ ಕೆಡುವುದರಿಂದ, ಹಲ್ಲುಗಳನ್ನು ಬೇರೆ ಸ್ಕ್ಯಾನರಿನಲ್ಲಿ ಸೆರೆಹಿಡಿದು ಅದರ ಮೇಲೆ ಕೂರಿಸುತ್ತಾರೆ. ಮೇಲ್ದವಡೆಯನ್ನು, ಫ್ರಾನ್ಸಿನ ರೆನೆ ಲ ಫೋರ್ 1901ರಲ್ಲಿ ಶವಗಳ ತಲೆಬುರುಡೆಗಳಿಗೆ ಪೆಟ್ಟು ಕೊಟ್ಟು ಗುರುತಿಸಿದ ಸೀಳಿನ ಗೆರೆಯಲ್ಲೇ ಕೊಯ್ಯುತ್ತಾರೆ. ಕೆಳದವಡೆಯನ್ನು 1950ರ ದಶಕದಲ್ಲಿ ಹ್ಯೂಗೊ ಒಬ್ವೆಗೆಸರ್ ತೋರಿಸಿಕೊಟ್ಟಂತೆ ಎರಡೂ ಕಡೆ ಉದ್ದುದ್ದ ಸೀಳಿ ಜಾರಿಸುತ್ತಾರೆ. ಎಲ್ಲವೂ ಮೊದಲು ಪರದೆಯ ಮೇಲೆ. ಕೆಳತುಟಿಗೆ ಸ್ಪರ್ಶ ಕೊಡುವ ನರ ದವಡೆಯೊಳಗೆ ಎಲ್ಲಿ ಹಾಯುತ್ತದೆಂದು ಬಣ್ಣದಲ್ಲಿ ಗುರುತು ಹಾಕಿಕೊಳ್ಳಬಹುದು. ಸರಿಸಿದ ತುಂಡುಗಳು ಎಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆಂದೂ ತಿಳಿಯುತ್ತದೆ. ಸೊಟ್ಟ ದವಡೆಯಲ್ಲಿ ಎರಡು ಕಡೆಯ ಸರಿತ ಬೇರೆಬೇರೆಯಾದ್ದರಿಂದ ಇದು ತುಂಬಾ ಮುಖ್ಯ. ಕೊನೆಗೆ ಸ್ಪ್ಲಿಂಟನ್ನು ಮೂರು ಆಯಾಮದ ಪ್ರಿಂಟರಿನಲ್ಲಿ ಮುದ್ರಿಸಿ ಕ್ರಿಮಿರಹಿತ ಮಾಡಿ ಥಿಯೇಟರಿಗೆ ಕಳಿಸುತ್ತಾರೆ. ಯೋಜನೆಗೂ ಫಲಿತಾಂಶಕ್ಕೂ 2 ಮಿಲಿಮೀಟರಿನೊಳಗಿನ ವ್ಯತ್ಯಾಸವನ್ನು ಈ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಕ್ಲಿಪ್ ಹಾಕಿ ಹಲ್ಲು ಹೊಂದಿಸುವ ಕೆಲಸ ಬಹುಪಾಲು ಇದಕ್ಕೆ ಮೊದಲೇ ನಡೆಯಬೇಕು. ಅದಕ್ಕೇ ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಮದುವೆ ಗೊತ್ತಾದ ಮೇಲೆ ಓಡಿಬರುವವರಿಗೆ ಈ ಲೆಕ್ಕ ರುಚಿಸುವುದಿಲ್ಲ.

ಮೊದಲೇ ಅಚ್ಚು ಮಾಡಿಕೊಂಡು ಆಮೇಲೆ ಕತ್ತಿ ಇಡುವ ಬುದ್ಧಿ ಮಾತ್ರ ಯಂತ್ರದಿಂದ ಬಂದದ್ದಲ್ಲ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಲಸೂರು ಗೇಟಿನಲ್ಲಿ ಬೆಂಗಳೂರು ಪೇಟೆಗೆ ನುಗ್ಗಿತಲ್ಲ, ಅದೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕೋವಾಸ್ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆ ಒಬ್ಬ ದೇಶಿ ವೈದ್ಯ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರಸಮೇತ ಪ್ರಕಟಿಸಿ ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಎಲ್ಲರೂ ಹಣೆಯ ಚರ್ಮದ ಬಗ್ಗೆ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮೆಚ್ಚಿಕೆಯಾದದ್ದು ಅದರ ಹಿಂದಿನ ಹೆಜ್ಜೆ. ಆ ವೈದ್ಯ ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲೆ ಕೂರಿಸಿ ಒಪ್ಪುವ ಆಕಾರ ಬರುವಂತೆ ತಿದ್ದಿದ. ಆಮೇಲೆ ಅದನ್ನು ಬಿಡಿಸಿ ಹಣೆಯ ಮೇಲೆ ಹರಡಿ ಸುತ್ತ ಗೆರೆ ಎಳೆದ. ಕತ್ತಿ ಹಿಡಿದದ್ದು ಅದಾದ ಮೇಲೆ.

ಆ ವೈದ್ಯನ ಪ್ರಶ್ನೆಯೇ ಇವತ್ತಿನದೂ. ಗೆರೆ ಎಲ್ಲಿ ಎಳೆಯಬೇಕು? ಸಾಫ್ಟ್‌ವೇರಿನಲ್ಲಿ ಒಂದು ಆಕರ್ಷಕ ಗುಂಡಿ ಇದೆ. ಮುಖದ ಒಳ್ಳೆಯ ಅರ್ಧವನ್ನು ಕನ್ನಡಿಯಂತೆ ಮಗುಚಿ ಇನ್ನೊಂದು ಅರ್ಧದ ಮೇಲೆ ಹಾಕುತ್ತದೆ. ಕೊರತೆ ಎಷ್ಟೆಂದು ಬಣ್ಣಗಳಲ್ಲಿ ತೋರಿಸುತ್ತದೆ. ನೋಡಿದವರಿಗೆ ಸಮಸ್ಯೆ ಬಗೆಹರಿದೇ ಹೋಯಿತು ಅನಿಸುತ್ತದೆ. ಆದರೆ ಮಗುಚಬೇಕಾದರೆ ನಡುಗೆರೆ ಬೇಕು. ಆ ಗೆರೆಯನ್ನು ಮೂಗಿನ ಬುಡ, ಮೇಲ್ದವಡೆಯ ತುದಿ, ಬುರುಡೆಯ ತಳ ಇಂಥ ಬಿಂದುಗಳಿಂದ ಎಳೆಯುತ್ತಾರೆ. ಸೊಟ್ಟ ಮುಖದಲ್ಲಿ ಆ ಬಿಂದುಗಳೇ ಅಲ್ಪಸ್ವಲ್ಪ ಸರಿದಿರುತ್ತವೆ. ಒಂದು ಬಿಂದುವನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಗೆರೆ ಎರಡು ಮೂರು ಮಿಲಿಮೀಟರ್ ಅತ್ತಿತ್ತ ಆಗಬಹುದು, ಇಡೀ ಯೋಜನೆ ಅದರ ಜೊತೆ ತಿರುಗುತ್ತದೆ. ಇನ್ನು, ಯಾವುದು ಒಳ್ಳೆಯ ಅರ್ಧ? ಒಂದು ಕಡೆಯ ಕೊರತೆಗೆ ಇನ್ನೊಂದು ಕಡೆಯೂ ವರ್ಷಗಟ್ಟಲೆ ಹೊಂದಿಕೊಂಡು ಬೆಳೆದಿರುತ್ತದೆ.

ತಲೆಯ ಭಂಗಿಯೂ ಸುಳ್ಳು ಹೇಳಬಲ್ಲದು. ಗದ್ದ ಸರಿದವರು ಬಹಳ ಸಲ ತಮಗೇ ಗೊತ್ತಿಲ್ಲದೆ ಕತ್ತು ವಾಲಿಸಿ ಅದನ್ನು ಮರೆಮಾಚುತ್ತಿರುತ್ತಾರೆ. ಸ್ಕ್ಯಾನ್ ಮೇಜಿನ ಮೇಲೆ ಅಂಗಾತ ಮಲಗಿಸಿದರೆ ಕೆನ್ನೆ ಕುತ್ತಿಗೆಗಳ ಮಾಂಸ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಬಲ್ಲ ಸರ್ಜನ್ ಪರದೆಗೆ ಮೊದಲು ರೋಗಿಯನ್ನೇ ಎದುರು ನಿಲ್ಲಿಸಿ, ಸಹಜವಾಗಿ ದೂರಕ್ಕೆ ನೋಡಿಸಿ, ಮಾತಾಡಿಸಿ, ನಗಿಸಿ, ಕಣ್ಣಳತೆಯಲ್ಲಿ ಬರೆದುಕೊಳ್ಳುತ್ತಾರೆ. ಕಣ್ಣಳತೆಗೂ ಸ್ಕ್ಯಾನಿಗೂ ಜಗಳ ಬಂದರೆ ಕಣ್ಣಳತೆಯನ್ನು ಸುಲಭಕ್ಕೆ ಬಿಟ್ಟುಕೊಡಬಾರದು ಎಂಬುದು ನನ್ನ ಪಕ್ಷ. ಕಂಪ್ಯೂಟರಿಗೆ ಗೊತ್ತಿಲ್ಲದ್ದು ಇನ್ನೂ ಇದೆ. ಮೂಳೆ ಎಲ್ಲಿ ಕೂರುತ್ತದೆಂದು ಅದು ಹೇಳುವಷ್ಟು ನಿಖರವಾಗಿ, ಮೇಲಿನ ಚರ್ಮ, ಮುಖ್ಯವಾಗಿ ತುಟಿಗಳು, ಹೇಗೆ ಕೂರುತ್ತವೆಂದು ಹೇಳಲಾರದು. ಅರಿವಳಿಕೆಯಲ್ಲಿ ಸ್ನಾಯುಗಳು ಸಡಿಲವಾದಾಗ ಕಾಂಡೈಲ್ ತನ್ನ ಗುಳಿಯಲ್ಲಿ ಎಲ್ಲಿ ನಿಲ್ಲುತ್ತದೆಂದು ತಿಳಿಯುವುದು ಸರ್ಜನ್‌ನ ಬೆರಳಿಗೆ. ಚಿಕಿತ್ಸೆಗೆ ಮೊದಲೇ ಪರದೆಯಲ್ಲಿ ತೋರಿಸುವ ‘ನಾಳಿನ ಮುಖ’ದ ಚಿತ್ರವನ್ನು ಭರವಸೆಯೆಂದು ತಿಳಿಯಬೇಡಿ. ಅದೊಂದು ಅಂದಾಜು.

ಈ ತಂತ್ರ ವಿದೇಶದಿಂದ ಬಂದ ದುಬಾರಿ ಆಟಿಕೆಯೇನೂ ಅಲ್ಲ. ಕಂಟೋನ್ಮೆಂಟ್ ರೈಲು ನಿಲ್ದಾಣದ ಹತ್ತಿರ, ಮಿಲ್ಲರ್ಸ್ ರಸ್ತೆಯ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ಸೀಳುತುಟಿ ಮತ್ತು ಮುಖ-ಬುರುಡೆಯ ವಿಕಾರಗಳಿಗೇ ಮೀಸಲಾದ ಕೇಂದ್ರವಿದೆ. ಅಲ್ಲಿ ಕೆಲಸ ಮಾಡಿದ ಡಾ. ಕೃಷ್ಣಮೂರ್ತಿ ಬೋನಂತಾಯ ಅವರೂ ಸೇರಿ ಐವರು ಸಂಪಾದಿಸಿದ ‘ಓರಲ್ ಅಂಡ್ ಮ್ಯಾಕ್ಸಿಲೊಫೇಶಿಯಲ್ ಸರ್ಜರಿ ಫಾರ್ ದಿ ಕ್ಲಿನಿಷಿಯನ್’ 2021ರಲ್ಲಿ ಸ್ಪ್ರಿಂಗರ್‌ನಿಂದ ಬಂತು. ಭಾರತದ ದವಡೆ ಸರ್ಜನ್‌ಗಳ ಸಂಘದ ಈ ಹೆಬ್ಬೊತ್ತಗೆಯನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಸಾಫ್ಟ್‌ವೇರಿನಲ್ಲೂ ಹಾಗೆ. ಬೆಲ್ಜಿಯಂನ ಮೆಟೀರಿಯಲೈಸ್‌ನಂಥ ಕಂಪನಿಗಳ ದುಬಾರಿ ಸರಕು ಒಂದು ಕಡೆ. 3ಡಿ ಸ್ಲೈಸರ್, ಬ್ಲೆಂಡರ್‌ನಂಥ ಉಚಿತ ತಂತ್ರಾಂಶಗಳು ಇನ್ನೊಂದು ಕಡೆ. ಕಲಿಯುವ ತಾಳ್ಮೆಯಿದ್ದರೆ ಕುಕ್ ಟೌನಿನ ದಂತ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಯೂ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಬುರುಡೆಯನ್ನು ಕತ್ತರಿಸಿ ಜೋಡಿಸಬಲ್ಲ. ದುಡ್ಡು ನಿಜವಾಗಿ ಖರ್ಚಾಗುವುದು ಪ್ಲೇಟು, ಸ್ಕ್ರೂ, ಥಿಯೇಟರು, ಆಸ್ಪತ್ರೆಯ ವಾಸಕ್ಕೆ.

ಜಗ್ಗಾಟ ಶುರುವಾಗುವುದೂ ಅಲ್ಲಿಯೇ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದ ಹೊರಗಿಡುವಿಕೆಗಳ ಪಟ್ಟಿ ಇರುತ್ತದೆ. ಅದರ ಎಂಟನೆಯ ಸಂಖ್ಯೆಯ ಪ್ರಕಾರ ರೂಪ ಬದಲಿಸುವ ಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆ ಅಥವಾ ಆರೋಗ್ಯಕ್ಕೆ ನೇರ ಅಪಾಯವಿದ್ದರೆ ಮಾತ್ರ ವಿನಾಯಿತಿ. ಹುಟ್ಟಿನಿಂದ ಬಂದ, ಹೊರಗೆ ಕಾಣುವ ಅಂಗದೋಷಗಳ ಬಗ್ಗೆ ಪಾಲಿಸಿಯಿಂದ ಪಾಲಿಸಿಗೆ ಬೇರೆ ಷರತ್ತುಗಳಿರುತ್ತವೆ. ಬಾಯಿ ತೆರೆಯದ ಮಗುವನ್ನೂ ನೂರಡಿ ರಸ್ತೆಯ ಸೌಂದರ್ಯಾಕಾಂಕ್ಷಿಯನ್ನೂ ಒಂದೇ ಸಾಲಿಗೆ ತಳ್ಳಲು ಇಷ್ಟು ಸಾಕು. ಆದ್ದರಿಂದ ವೈದ್ಯರ ಪತ್ರದಲ್ಲಿ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ, ಎಷ್ಟು ಹಲ್ಲುಗಳು ಒಂದನ್ನೊಂದು ಮುಟ್ಟುತ್ತವೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ಬಾಲ್ಯದ ಪೆಟ್ಟು ಯಾವಾಗಿನದು ಎಂಬುದನ್ನು ಅಂಕಿಸಂಖ್ಯೆ ಸಮೇತ ಬರೆಸಿಕೊಳ್ಳಿ. ವಿಮೆಯಿಲ್ಲದವರು 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ತಮ್ಮ ಚಿಕಿತ್ಸೆ ಬರುತ್ತದೆಯೇ ಎಂದು ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯಲ್ಲೋ ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಯಲ್ಲೋ ಮೊದಲು ವಿಚಾರಿಸಲಿ. ಖಾಸಗಿಗೆ ಹೋಗುವುದಿದ್ದರೂ ಶಿಫಾರಸು ಚೀಟಿ ಸಿಗಬೇಕಾದ್ದು ಸರ್ಕಾರಿ ಆಸ್ಪತ್ರೆಯಿಂದಲೇ. ವಿಮೆಯಿರುವವರು ದಾಖಲಾಗುವ ಮೊದಲೇ ಲಿಖಿತ ಒಪ್ಪಿಗೆ ಪಡೆಯಲಿ. ಕಂಪ್ಯೂಟರಿನಲ್ಲಿ ಮಾಡುವ ಯೋಜನೆಯ ಶುಲ್ಕವೂ ಮುದ್ರಿಸಿದ ಸ್ಪ್ಲಿಂಟಿನ ಬೆಲೆಯೂ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರುತ್ತವೆಯೇ, ಬಂದರೆ ಅದನ್ನು ಕಟ್ಟುವವರು ಯಾರು ಎಂದು ಆಗಲೇ ಕೇಳಿಕೊಂಡಿರಲಿ.